ಆರು ತಿಂಗಳಿಂದ ನಾಲ್ಕನೇ ಲೆವೆಲ್: ಪಾತ್ರಗಳನ್ನು ಯಾವಾಗ ಮೇಲೇರಿಸಬೇಕು?

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ (ಮೇಜಿನ ಸುತ್ತ ಕೂತು, ದಾಳ ಹಾಕಿ, ಪಾತ್ರ ವಹಿಸಿ ಕಥೆ ನಡೆಸುವ ಆಟ) ಐದನೇ ಆವೃತ್ತಿ ಆಡುತ್ತೇವೆ, 2014ರ ಪುಸ್ತಕಗಳನ್ನು ಇಟ್ಟುಕೊಂಡು. ಆಟಗಾರರು ಐದು ಜನ: ಫೈಟರ್ (ಯೋಧ), ವಿಝರ್ಡ್ (ಮಾಂತ್ರಿಕ), ರೋಗ್ (ಕಳ್ಳ), ಬಾರ್ಡ್ (ಗಾಯಕ), ಕ್ಲೆರಿಕ್ (ಪುರೋಹಿತ). ನಾನು ಡಿಎಂ (ಡಂಜನ್ ಮಾಸ್ಟರ್), ಕಥೆ ಕಟ್ಟಿ ಆಟ ನಡೆಸುವುದು ನನ್ನ ಕೆಲಸ. ಹದಿನೈದು ದಿನಕ್ಕೊಂದು ಭಾನುವಾರ, ಮೂರು ಗಂಟೆ ಆಟ. ಶುರು ಮಾಡಿ ಒಂದು ವರ್ಷ ಆಯಿತು. ಪುಸ್ತಕದಲ್ಲಿ ಹೇಳಿದ ಹಾಗೇ ಎಕ್ಸ್‌ಪಿ (ಪಾತ್ರಗಳು ಗಳಿಸುವ ಅನುಭವದ ಅಂಕ, ಇಷ್ಟಾದರೆ ಮುಂದಿನ ಲೆವೆಲ್) ಲೆಕ್ಕ ಹಾಕಿ ಕೊಡುತ್ತಿದ್ದೇನೆ. ಆದರೆ ಆರು ತಿಂಗಳಿಂದ ನಾಲ್ಕನೇ ಲೆವೆಲ್ ದಾಟಿಲ್ಲ. ಹಬ್ಬ, ಆಫೀಸು, ಮದುವೆ ಅಂತ ಕೆಲವು ಭಾನುವಾರ ತಪ್ಪಿ, ಈ ಆರು ತಿಂಗಳಲ್ಲಿ ಒಂಬತ್ತು ಸೆಷನ್ ಆಗಿದೆ. ಈಗ ತಲಾ 4,700 ಎಕ್ಸ್‌ಪಿ ಆಸುಪಾಸು. ಶಿಫ್ಟ್ ಕೆಲಸದಿಂದಾಗಿ ಆಗಾಗ ಬರಲಾಗದ ಕ್ಲೆರಿಕ್ ಇನ್ನೂ ಮೂರರಲ್ಲೇ ಇದ್ದಾನೆ. ಕಳೆದ ಸಲ ಎರಡು ಓಗರ್ (ದೈತ್ಯ), ನಾಲ್ಕು ಗಾಬ್ಲಿನ್ (ಕುಳ್ಳ ರಾಕ್ಷಸ) ಜೊತೆ ಫೈಟ್ ಇತ್ತು, ಅದರಲ್ಲೇ ಅರ್ಧ ಸಮಯ ಹೋಯಿತು. ಇಬ್ಬರು ‘ಬೋರ್ ಆಗ್ತಿದೆ, ಲೆವೆಲ್ ಕೊಡು’ ಅಂತಿದ್ದಾರೆ. ಇನ್ನೊಂದು ಗುಂಪು ನಡೆಸುವ ಗೆಳೆಯ ಪ್ರತಿ ಸೆಷನ್‌ಗೂ ಒಂದು ಲೆವೆಲ್ ಕೊಡುತ್ತಾನಂತೆ. ಹಾಗೆ ಮಾಡಿದರೆ ಆಟ ಕೆಡುತ್ತದೆ ಅಂತ ನನಗೆ ಭಯ. ಲೆಕ್ಕ ಬಿಟ್ಟು ಸುಮ್ನೆ ಲೆವೆಲ್ ಕೊಡೋದು ಮೋಸ ಅಲ್ವಾ? ಸರಿಯಾದ ವೇಗ ಅಂತ ಒಂದು ಇದೆಯಾ?

ಉತ್ತರ: ನಿಮ್ಮ ಚಿಂತೆಯಲ್ಲಿ ಎರಡು ಭಾಗ ಇದೆ. ನಾವು ನಿಧಾನವಾಗಿದ್ದೇವಾ ಅನ್ನೋದು ಒಂದು. ವೇಗ ಹೆಚ್ಚಿಸಿದರೆ ಆಟ ಕೈ ತಪ್ಪುತ್ತದಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ. ಹೌದು, ಬಹಳ ನಿಧಾನ. ಎರಡನೆಯದಕ್ಕೆ ಸ್ವಲ್ಪ ವಿವರ ಬೇಕು.

ನೀವೇ ಬರೆದ ಫೈಟ್ ತೆಗೆದುಕೊಳ್ಳೋಣ. ಓಗರ್‌ಗೆ 450 ಎಕ್ಸ್‌ಪಿ, ಗಾಬ್ಲಿನ್‌ಗೆ 50. ಎರಡು ಓಗರ್, ನಾಲ್ಕು ಗಾಬ್ಲಿನ್ ಸೇರಿ 1,100. ಐದು ಜನಕ್ಕೆ ಹಂಚಿದರೆ ತಲಾ 220. ನಾಲ್ಕನೇ ಲೆವೆಲ್ ಶುರುವಾಗೋದು 2,700ಕ್ಕೆ, ಐದನೆಯದು 6,500ಕ್ಕೆ. ನಡುವೆ 3,800. ಅಂದರೆ ಇಂಥ ಹದಿನೇಳು ಹದಿನೆಂಟು ಫೈಟ್ ಬೇಕು. ನಿಮ್ಮಲ್ಲಿ ಸೆಷನ್‌ಗೆ ಒಂದು ಫೈಟ್, ಆರು ತಿಂಗಳಿಗೆ ಒಂಬತ್ತು ಸೆಷನ್. ಒಂದು ಲೆವೆಲ್‌ಗೆ ಒಂದು ವರ್ಷ ಆಯಿತು!

ಇನ್ನೊಂದು ವಿಷಯ. ಆ ಫೈಟ್ ಸಣ್ಣದೇನಲ್ಲ. ಫೈಟ್ ಎಷ್ಟು ಕಷ್ಟ ಅಂತ ಅಳೆಯುವಾಗ ಪುಸ್ತಕ ಒಂದು ಗುಣಾಕಾರ ಹೇಳುತ್ತದೆ. ಮೂರರಿಂದ ಆರು ಶತ್ರುಗಳಿದ್ದರೆ ಎರಡರಿಂದ ಗುಣಿಸಬೇಕು. ಆಗ 1,100 ಹೋಗಿ 2,200 ಆಗುತ್ತದೆ. ನಿಮ್ಮ ಗುಂಪಿಗೆ ಅದು ‘ಕಠಿಣ’ ದರ್ಜೆಯ ಫೈಟ್. ಆದರೆ ಎಕ್ಸ್‌ಪಿ ಕೊಡುವಾಗ ಈ ಗುಣಾಕಾರ ಇಲ್ಲ. ಆಟಗಾರರು ಬೆವರು ಸುರಿಸಿದ್ದು 2,200ಕ್ಕೆ, ಕೈಗೆ ಬಂದಿದ್ದು 1,100. ಅವರಿಗೆ ಬೇಜಾರಾದರೆ ಅದು ದುರಾಸೆಯಲ್ಲ.

ಹಾಗಾದರೆ ಪುಸ್ತಕದ ಕೋಷ್ಟಕ ತಪ್ಪಾ? ತಪ್ಪಲ್ಲ, ಅದು ಬೇರೆ ಥರದ ಆಟವನ್ನು ಮನಸ್ಸಲ್ಲಿಟ್ಟುಕೊಂಡಿದೆ. 2014ರ ಡಿಎಂ ಪುಸ್ತಕದ ಪ್ರಕಾರ ಪಾತ್ರಗಳು ಎರಡು ಲಾಂಗ್ ರೆಸ್ಟ್‌ಗಳ (ರಾತ್ರಿಯಿಡೀ ವಿಶ್ರಾಂತಿ) ನಡುವೆ, ಅಂದರೆ ಒಂದು ಸಾಹಸದ ದಿನದಲ್ಲಿ, ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಫೈಟ್ ತಡೆದುಕೊಳ್ಳಬಲ್ಲರು. ಗುಹೆಯೊಳಗೆ ಹೋಗಿ ಕೋಣೆಯಿಂದ ಕೋಣೆಗೆ ಬಾಗಿಲು ಒದೆಯುತ್ತಾ ಆಡುವವರಿಗೆ ಇದು ಸರಿ. ನಮ್ಮಲ್ಲಿ ಹಾಗೆ ಆಡುವವರು ಕಮ್ಮಿ. ನಾನು ನಡೆಸಿದ, ನೋಡಿದ ಹೆಚ್ಚಿನ ಟೇಬಲ್‌ಗಳಲ್ಲಿ ಮೊದಲ ಅರ್ಧ ಗಂಟೆ ಕಾಫಿ, ಚಿಪ್ಸ್, ಟ್ರಾಫಿಕ್ ಬಗ್ಗೆ ಬೈಗುಳ. ಆಮೇಲೆ ಹೋಟೆಲಿನ ಮಾಲೀಕನ ಜೊತೆ ಮಾತು, ಅವನ ಮೇಲೆ ಅನುಮಾನ, ಅನುಮಾನದ ಮೇಲೆ ಚರ್ಚೆ. ಕೊನೆಗೆ ಒಂದು ಫೈಟ್. ಇದು ಒಳ್ಳೆಯ ಆಟವೇ. ಆದರೆ ಶತ್ರು ಸತ್ತರೆ ಮಾತ್ರ ಎಕ್ಸ್‌ಪಿ ಅನ್ನೋ ಲೆಕ್ಕಕ್ಕೂ ಈ ಆಟಕ್ಕೂ ಹೊಂದುವುದಿಲ್ಲ.

ಅದೇ ಪುಸ್ತಕದಲ್ಲಿ ಎಕ್ಸ್‌ಪಿ ಬೇಡದ ದಾರಿಯೂ ಇದೆ. ಮೊದಲ ಸೆಷನ್ ಮುಗಿದಾಗ ಎರಡನೇ ಲೆವೆಲ್, ಇನ್ನೊಂದು ಸೆಷನ್‌ಗೆ ಮೂರನೆಯದು, ಮತ್ತೆರಡಕ್ಕೆ ನಾಲ್ಕನೆಯದು. ಅಲ್ಲಿಂದ ಮುಂದೆ ಒಂದೊಂದು ಲೆವೆಲ್‌ಗೆ ಎರಡು ಮೂರು ಸೆಷನ್. ಸೆಷನ್ ಅಂದರೆ ಸುಮಾರು ನಾಲ್ಕು ಗಂಟೆ. ಸಾಮಾನ್ಯ ಎಕ್ಸ್‌ಪಿ ವೇಗಕ್ಕೆ ಇದು ಸಮ ಅಂತ ಪುಸ್ತಕವೇ ಹೇಳುತ್ತದೆ. ನಿಮ್ಮ ಮೂರು ಗಂಟೆಗೆ ಹೊಂದಿಸಿದರೆ ಲೆವೆಲ್‌ಗೆ ಮೂರು ನಾಲ್ಕು ಸೆಷನ್ ಬರುತ್ತದೆ. ನೀವು ಈಗಾಗಲೇ ಒಂಬತ್ತು ಆಡಿದ್ದೀರಿ.

ಹಾಗಾಗಿ ‘ಲೆಕ್ಕ ಬಿಟ್ಟು ಕೊಟ್ಟರೆ ಮೋಸ’ ಅನ್ನೋ ಭಯ ಬಿಡಿ. ಹೊಸ ಡಿಎಂಗಳಲ್ಲಿ ಈ ನಂಬಿಕೆ ಜಾಸ್ತಿ. ಕೋಷ್ಟಕದ ಸಂಖ್ಯೆಗಳನ್ನು ದೇವರ ವಾಕ್ಯದ ಹಾಗೆ ನೋಡುತ್ತಾರೆ. ಈ ಆಟದ ಚರಿತ್ರೆ ನೋಡಿದರೆ ಅವು ಮತ್ತೆ ಮತ್ತೆ ಬದಲಾಗಿವೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಈ ಆಟ ತಂದಾಗ ಎಕ್ಸ್‌ಪಿಯ ದೊಡ್ಡ ಪಾಲು ಬರುತ್ತಿದ್ದದ್ದು ನಿಧಿಯಿಂದ. ಹೊತ್ತು ತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಎಕ್ಸ್‌ಪಿ. ಹಾಗಾಗಿ ಜಾಣ ಆಟಗಾರ ಹೊಡೆದಾಟ ತಪ್ಪಿಸಿ, ನಿದ್ದೆ ಹೋದ ರಾಕ್ಷಸನ ಪಕ್ಕದಲ್ಲೇ ಪೆಟ್ಟಿಗೆ ಎತ್ತಿಕೊಂಡು ಓಡುತ್ತಿದ್ದ. 1989ರ ಎರಡನೇ ಆವೃತ್ತಿ ಈ ಚಿನ್ನದ ಲೆಕ್ಕವನ್ನು ಐಚ್ಛಿಕ ಮಾಡಿತು. 2000ದಲ್ಲಿ ಬಂದ ಮೂರನೇ ಆವೃತ್ತಿ ಲೆವೆಲ್‌ಗೆ ಸುಮಾರು ಹದಿಮೂರು ಫೈಟ್ ಅಂತ ಲೆಕ್ಕ ಕಟ್ಟಿತು. 2008ರ ನಾಲ್ಕನೆಯದು ಎಂಟರಿಂದ ಹತ್ತು ಅಂದಿತು. 2009ರ ಪಾತ್‌ಫೈಂಡರ್, ಮೂರನೇ ಆವೃತ್ತಿಯಿಂದ ಹುಟ್ಟಿದ ಬೇರೆ ಕಂಪನಿಯ ಆಟ, ಇನ್ನೂ ನೇರವಾಗಿ ಮೂರು ಸಾಲು ಕೊಟ್ಟು ಆರಿಸಿಕೊಳ್ಳಿ ಅಂದುಬಿಟ್ಟಿತು: ಎರಡನೇ ಲೆವೆಲ್‌ಗೆ ನಿಧಾನದವರಿಗೆ 3,000, ಮಧ್ಯಮಕ್ಕೆ 2,000, ವೇಗಕ್ಕೆ 1,300. ಆಟ ಮಾಡುವವರೇ ಇಷ್ಟು ಸಲ ನಲ್ಲಿ ತಿರುಗಿಸಿರುವಾಗ ನೀವು ತಿರುಗಿಸಿದರೆ ಯಾರ ಗಂಟೂ ಹೋಗುವುದಿಲ್ಲ.

ಈ ಚರಿತ್ರೆಯಲ್ಲಿ ನಿಮಗೆ ಉಪಯೋಗಕ್ಕೆ ಬರುವ ಮಾತೊಂದಿದೆ. ಯಾವುದಕ್ಕೆ ಎಕ್ಸ್‌ಪಿ ಕೊಡುತ್ತೀರೋ ಆಟಗಾರರು ಅದನ್ನೇ ಮಾಡುತ್ತಾರೆ. ಚಿನ್ನಕ್ಕೆ ಕೊಟ್ಟರೆ ಕಳ್ಳತನ, ಹೆಣಕ್ಕೆ ಕೊಟ್ಟರೆ ಕೊಲೆ. ಶರಣಾದ ಗಾಬ್ಲಿನ್‌ನನ್ನೂ ನಿಮ್ಮ ರೋಗ್ ಕತ್ತರಿಸುತ್ತಿದ್ದರೆ ಅವನ ಸ್ವಭಾವ ಹುಡುಕಬೇಡಿ, ಆ 50 ಎಕ್ಸ್‌ಪಿ ಕಡೆ ನೋಡಿ.

ಇನ್ನು ಕ್ಲೆರಿಕ್ ವಿಷಯ. ‘ಬಾರದವನಿಗೆ ಯಾಕೆ ಕೊಡಬೇಕು’ ಅನ್ನೋದು ನ್ಯಾಯದ ಮಾತಿನಂತೆ ಕೇಳುತ್ತದೆ. ಹಳೇ ಆವೃತ್ತಿಗಳಲ್ಲಿ ಗುಂಪಿನೊಳಗೆ ಲೆವೆಲ್ ಹೆಚ್ಚುಕಮ್ಮಿ ಇರುವುದು ಮಾಮೂಲು. 1981ರ ಬೇಸಿಕ್ ನಿಯಮದಲ್ಲಿ ಎರಡನೇ ಲೆವೆಲ್‌ಗೆ ಕಳ್ಳನಿಗೆ 1,200 ಸಾಕು, ಫೈಟರ್‌ಗೆ 2,000 ಬೇಕು, ಮ್ಯಾಜಿಕ್-ಯೂಸರ್‌ಗೆ 2,500. ಈಗ ಎಲ್ಲರಿಗೂ ಒಂದೇ ಕೋಷ್ಟಕ. ಹಾಜರಿದ್ದವರಿಗೆ ಮಾತ್ರ ಎಕ್ಸ್‌ಪಿ ಅನ್ನೋದು 2014ರ ಡಿಎಂ ಪುಸ್ತಕದ ಸಾಮಾನ್ಯ ಪದ್ಧತಿ. ಆದರೆ ಬಾರದವರಿಗೂ ಸಮ ಕೊಡಬಹುದು ಅಂತ ಅದೇ ಪುಟದಲ್ಲಿದೆ. ನನ್ನ ಅಭಿಪ್ರಾಯ ಖಚಿತ: ಕೊಡಿ. ಶಿಫ್ಟ್ ಕೆಲಸದವನು ಬೇಕು ಅಂತ ತಪ್ಪಿಸಿಕೊಳ್ಳುತ್ತಿಲ್ಲ. ಆಟ ತಪ್ಪಿದ್ದೇ ಅವನಿಗೆ ನಷ್ಟ, ಅದರ ಮೇಲೆ ದಂಡ ಯಾಕೆ? ಉಳಿದವರು ಐದಕ್ಕೆ ಹೋಗಿ ಅವನು ಮೂರರಲ್ಲೇ ಉಳಿದರೆ, ಅಪರೂಪಕ್ಕೆ ಬಂದ ದಿನ ಅವನ ಪಾತ್ರ ಮೂಲೆಯಲ್ಲಿ ನಿಲ್ಲುತ್ತದೆ. ಆಮೇಲೆ ಅವನು ಬರುವುದನ್ನೇ ಬಿಡುತ್ತಾನೆ. ಇದನ್ನು ಬೇಕಾದಷ್ಟು ನೋಡಿದ್ದೇನೆ.

ಈಗ ನಿಮ್ಮ ನಿಜವಾದ ಭಯಕ್ಕೆ ಬರೋಣ. ಅದಕ್ಕೆ ಆಧಾರ ಇದೆ. ಎಲ್ಲಾ ಲೆವೆಲ್‌ಗಳೂ ಒಂದೇ ಎತ್ತರದ ಮೆಟ್ಟಿಲಲ್ಲ. ನೀವು ನಿಂತಿರುವುದು ದೊಡ್ಡದೊಂದರ ಕೆಳಗೆ.

ಮೊದಲ ಎರಡು ಲೆವೆಲ್ ಅಪಾಯದ ಕಾಲ. ಎಂಟು ಹಿಟ್ ಪಾಯಿಂಟ್‌ನ (ಏಟು ತಡೆಯುವ ಶಕ್ತಿಯ ಅಂಕ) ವಿಝರ್ಡ್ ಓಗರ್ ಮುಂದೆ ನಿಂತ ಅಂದುಕೊಳ್ಳಿ. ಓಗರ್‌ನ ಒಂದು ಏಟು ಸರಾಸರಿ 13. ವಿಝರ್ಡ್ ಬಿದ್ದ. ದಾಳ ಚೆನ್ನಾಗಿ ಬಿದ್ದು ಏಟು ಜೋರಾಗುವ ಕ್ರಿಟಿಕಲ್ ಬಿದ್ದರೆ ಸರಾಸರಿ 22. ಎಂಟು ಕಳೆದು ಉಳಿದ ಹದಿನಾಲ್ಕು ಅವನ ಪೂರ್ತಿ ಹಿಟ್ ಪಾಯಿಂಟ್‌ಗಿಂತ ಜಾಸ್ತಿ, ಹಾಗಾಗಿ ಸ್ಥಳದಲ್ಲೇ ಸಾವು, ಉಳಿಸಿಕೊಳ್ಳುವ ದಾಳ ಹಾಕುವ ಅವಕಾಶವೂ ಇಲ್ಲ. ಇಂಥ ಕಡೆ ತಿಂಗಳುಗಟ್ಟಲೆ ಯಾರನ್ನೂ ನಿಲ್ಲಿಸಬಾರದು. ಪುಸ್ತಕ ಬೇಗ ದಾಟಿಸುವುದು ಅದಕ್ಕೇ.

ಐದನೇ ಲೆವೆಲ್‌ನಲ್ಲಿ ಆಟವೇ ಬದಲಾಗುತ್ತದೆ. ಫೈಟರ್ ಒಂದು ಸರದಿಯಲ್ಲಿ ಎರಡು ಸಲ ಹೊಡೆಯುತ್ತಾನೆ. ಹಾನಿ ಮಾಡುವ ಹೆಚ್ಚಿನ ಕ್ಯಾಂಟ್ರಿಪ್‌ಗಳಿಗೆ (ಎಷ್ಟು ಸಲ ಬೇಕಾದರೂ ಹಾಕಬಹುದಾದ ಸಣ್ಣ ಮಂತ್ರ) ಇನ್ನೊಂದು ದಾಳ ಸೇರುತ್ತದೆ. ಎಲ್ಲರ ಪ್ರೊಫಿಶಿಯೆನ್ಸಿ ಬೋನಸ್ (ನುರಿತ ಕೆಲಸದ ದಾಳಕ್ಕೆ ಸೇರುವ ಅಂಕ) ಎರಡರಿಂದ ಮೂರಾಗುತ್ತದೆ. ವಿಝರ್ಡ್‌ಗೆ ಫೈರ್‌ಬಾಲ್ ಸಿಗುತ್ತದೆ: ಆರು ಮುಖದ ಎಂಟು ದಾಳ, ಸರಾಸರಿ 28, ಇಪ್ಪತ್ತು ಅಡಿ ತ್ರಿಜ್ಯದಲ್ಲಿ ಇದ್ದವರಿಗೆಲ್ಲ. ಗಾಬ್ಲಿನ್‌ಗೆ ಇರೋದು ಏಳು ಹಿಟ್ ಪಾಯಿಂಟ್. ಪಕ್ಕಕ್ಕೆ ಹಾರಿ ಅರ್ಧ ಏಟು ತಿಂದರೂ ಸರಾಸರಿ 14, ಅವನು ಬೂದಿ. ಮೊದಲ ಲೆವೆಲ್‌ನಲ್ಲಿ ಒಂದು ಇಡೀ ಸಂಜೆ ತಿಂದ ಗಾಬ್ಲಿನ್ ಬಿಡಾರ ಈಗ ಒಂದು ಸರದಿಯ ಕೆಲಸ. ಹಾರುವ ಮಂತ್ರ ಫ್ಲೈ ಕಲಿತರೆ ಮುರಿದ ಸೇತುವೆ ಅನ್ನೋ ಸಮಸ್ಯೆಯೇ ಇರಲ್ಲ. ಕ್ಲೆರಿಕ್ ಸತ್ತವರನ್ನು ಎಬ್ಬಿಸುವ ರಿವಿವಿಫೈ ಮಾಡಬಲ್ಲ. ಸತ್ತು ಒಂದು ನಿಮಿಷ ಆಗಿರಬಾರದು, 300 ಚಿನ್ನ ಬೆಲೆಯ ವಜ್ರ ಇರಬೇಕು, ಅಷ್ಟೇ. ಸಾವಿನ ಹೆದರಿಕೆ ಅರ್ಧಕ್ಕರ್ಧ ಇಳಿಯಿತು.

ಆಟ ಕೆಡುವುದು ಇಲ್ಲಿ. ಲೆವೆಲ್ ಕೊಟ್ಟಿದ್ದರಿಂದಲ್ಲ, ಕೊಟ್ಟ ಮೇಲೂ ಡಿಎಂ ಹಳೇ ಸಮಸ್ಯೆಗಳನ್ನೇ ಮುಂದಿಡುವುದರಿಂದ. ಪಾತ್ರಗಳು ಮೇಲೇರಿದಾಗ ನೀವು ತಯಾರು ಮಾಡಬೇಕಾದ ತೊಂದರೆಯ ಜಾತಿಯೇ ಬದಲಾಗಬೇಕು. ನಾಲ್ಕರವರೆಗೆ ‘ಹಳ್ಳಿಗೆ ಗಾಬ್ಲಿನ್ ಕಾಟ’ ಸಾಕು. ಐದರಿಂದ ಮುಂದೆ ಫೈರ್‌ಬಾಲ್ ಹಾಕಲಾಗದಂಥ ಶತ್ರು ಬೇಕು: ಜನ ತುಂಬಿದ ಸಂತೆಯ ನಡುವೆ ನಿಂತವನು, ರಾಜನ ಪಕ್ಕದಲ್ಲಿ ಕೂತವನು, ಒತ್ತೆಯಾಳು ಇಟ್ಟುಕೊಂಡವನು. ಇಂಥ ಎರಡು ಮೂರು ಎಳೆ ನಿಮ್ಮ ನೋಟ್ಸ್‌ನಲ್ಲಿ ಸಿದ್ಧವಾಗಿದ್ದರೆ ಐದನೇ ಲೆವೆಲ್ ಕೊಡಲು ಹೆದರಬೇಕಿಲ್ಲ.

ನಿಮ್ಮ ಗೆಳೆಯನ ದಾರಿ, ಪ್ರತಿ ಸೆಷನ್‌ಗೆ ಒಂದು ಲೆವೆಲ್. ಒಟ್ಟು ಆರೇಳು ಸೆಷನ್‌ನಲ್ಲಿ ಮುಗಿಸುವ ಕಥೆಗೆ ಅದು ನಡೆಯುತ್ತದೆ, ಮಜಾ ಕೂಡ. ಉದ್ದ ಕ್ಯಾಂಪೇನ್‌ಗೆ (ಸೆಷನ್‌ನಿಂದ ಸೆಷನ್‌ಗೆ ಮುಂದುವರಿಯುವ ಕಥೆ) ನಾನು ಬೇಡ ಅನ್ನುತ್ತೇನೆ. ಮೊದಲ ಪೆಟ್ಟು ಬೀಳೋದು ಸ್ಪೆಲ್ (ಮಂತ್ರ) ಹಾಕುವವರಿಗೆ. ಹೋದ ಸಲ ಕಲಿತ ಸ್ಪೆಲ್ ಒಂದು ಸಲವೂ ಹಾಕಿಲ್ಲ, ಅಷ್ಟರಲ್ಲಿ ಇನ್ನೆರಡು ಬಂತು. ಅವರ ಸರದಿ ಬಂದಾಗ ಪುಸ್ತಕ ತಿರುವುತ್ತಾ ಕೂರುತ್ತಾರೆ, ಉಳಿದವರು ಫೋನ್ ತೆಗೆಯುತ್ತಾರೆ. ಇನ್ನೊಂದು, ಕೊಟ್ಟ ಲೆವೆಲ್ ವಾಪಸ್ ಕೇಳೋಕೆ ಬಾಯಿ ಬರಲ್ಲ. ಸಾರಿಗೆ ಉಪ್ಪು ಕಮ್ಮಿಯಾದರೆ ಹಾಕಬಹುದು, ಜಾಸ್ತಿಯಾದರೆ ತೆಗೆಯೋದು ಹೇಗೆ?

ನಿಮ್ಮ ಮುಂದಿರುವ ದಾರಿಗಳು ಇವು.

ಎಕ್ಸ್‌ಪಿಯನ್ನೇ ಇಟ್ಟುಕೊಂಡು ಅದರ ವ್ಯಾಪ್ತಿ ಹಿಗ್ಗಿಸಬಹುದು. ಓಗರ್ ಜೊತೆ ಮಾತಾಡಿ ದಾರಿ ಬಿಡಿಸಿಕೊಂಡರೂ ಕೊಂದಷ್ಟೇ ಎಕ್ಸ್‌ಪಿ. ಕಳೆದುಹೋದ ಗಣಿ ಪತ್ತೆ ಮಾಡಿದರೆ ಒಂದು ಕಠಿಣ ಫೈಟ್‌ನಷ್ಟು. ಸಂಖ್ಯೆ ಏರುವುದನ್ನು ನೋಡಿ ಖುಷಿಪಡುವ ಆಟಗಾರರಿದ್ದರೆ ಇದು ಒಳ್ಳೆಯದು. ತೊಂದರೆ ಏನೆಂದರೆ ಪ್ರತಿ ಮಾತಿಗೂ ‘ಇದಕ್ಕೆಷ್ಟು?’ ಅಂತ ಚೌಕಾಸಿ ಶುರುವಾಗಬಹುದು. ಲೆಕ್ಕ ಬರೆಯುವ ಕೆಲಸವೂ ನಿಮ್ಮ ತಲೆ ಮೇಲೇ.

ಸೆಷನ್ ಎಣಿಸುವುದು ಎಲ್ಲಕ್ಕಿಂತ ಸುಲಭ. ನಾಲ್ಕು ಸೆಷನ್, ಒಂದು ಲೆವೆಲ್. ಜಗಳವಿಲ್ಲ. ಆದರೆ ಹೋಟೆಲಿನಲ್ಲಿ ಕೂತು ಹರಟೆ ಹೊಡೆದ ಮೂರು ಗಂಟೆಗೂ, ಡ್ರಾಗನ್ ಕೊಂದ ಮೂರು ಗಂಟೆಗೂ ಒಂದೇ ಬೆಲೆ. ಕೆಲವರಿಗೆ ಇದು ಸಪ್ಪೆ ಅನ್ನಿಸುತ್ತದೆ.

ಕಥೆಯ ಘಟ್ಟಕ್ಕೆ ಲೆವೆಲ್ ಕೊಡುವುದು, ಎಲ್ಲರೂ ಮೈಲ್‌ಸ್ಟೋನ್ ಅನ್ನುವುದು, ಈಗ ಹೆಚ್ಚು ಟೇಬಲ್‌ಗಳಲ್ಲಿ ನಡೆಯುತ್ತಿದೆ. ಲೆವೆಲ್‌ಗೂ ಕಥೆಗೂ ನಂಟು ಬರುತ್ತದೆ. ಇದರ ಅಪಾಯ ನಿಧಾನವಾಗಿ ಕಾಣಿಸುತ್ತದೆ. ಡಿಎಂ ಮನಸ್ಸಲ್ಲಿರುವ ಘಟ್ಟ ತಲುಪುವವರೆಗೆ ಏನೂ ಸಿಗಲ್ಲ ಅಂತ ಗೊತ್ತಾದ ಕೂಡಲೇ ಆಟಗಾರರು ಅಡ್ಡದಾರಿ ಹಿಡಿಯುವುದನ್ನು ನಿಲ್ಲಿಸುತ್ತಾರೆ. ಬಾರ್ಡ್‌ನ ಕಳೆದುಹೋದ ತಂಗಿಯನ್ನು ಹುಡುಕುವುದು ‘ಟೈಮ್ ವೇಸ್ಟ್’ ಆಗುತ್ತದೆ. ಪರಿಹಾರ ಇದೆ. ಘಟ್ಟಗಳನ್ನು ಮುಚ್ಚಿಡಬೇಡಿ. ಮೂರು ಗುರಿ ಬಾಯಿಬಿಟ್ಟು ಹೇಳಿ, ಅದರಲ್ಲಿ ಯಾವುದಾದರೂ ಎರಡು ಮುಗಿದರೆ ಲೆವೆಲ್ ಅನ್ನಿ. ಒಂದು ಗುರಿ ಯಾವಾಗಲೂ ಯಾರಾದರೂ ಆಟಗಾರನ ಸ್ವಂತ ಕಥೆಯದ್ದಾಗಿರಲಿ.

ನಿಧಾನವೇ ಇಷ್ಟ ಅನ್ನುವವರು ಲೆವೆಲ್ ಬದಲು ಬೇರೆ ಉಡುಗೊರೆ ಕೊಡುತ್ತಾರೆ: ಒಂದು ಫೀಟ್ (ವಿಶೇಷ ಸಾಮರ್ಥ್ಯ), ಊರಲ್ಲೊಂದು ಮನೆ, ಋಣದಲ್ಲಿರುವ ಒಬ್ಬ ಸಾಮಂತ. ಮೂರನೇ ಆವೃತ್ತಿಯ ಕಾಲದಲ್ಲಿ ಆರನೇ ಲೆವೆಲ್‌ಗೆ ನಿಲ್ಲಿಸಿ, ಮುಂದೆ ಬರೀ ಫೀಟ್ ಕೊಡುವ ಇ6 ಅನ್ನೋ ಪದ್ಧತಿಯೇ ಹುಟ್ಟಿಕೊಂಡಿತ್ತು. ಇಲ್ಲಿ ಎಚ್ಚರ ಬೇಕಾದದ್ದು ಮಾಯಾ ವಸ್ತುಗಳ ವಿಷಯದಲ್ಲಿ. ಐದನೇ ಆವೃತ್ತಿಯಲ್ಲಿ ಆರ್ಮರ್ ಕ್ಲಾಸ್ (ಏಟು ತಗುಲದಂತೆ ಕಾಯುವ ಅಂಕ) ಲೆವೆಲ್ ಜೊತೆ ತಾನಾಗಿ ಏರುವುದಿಲ್ಲ. ಬೇಗನೆ ಅದಕ್ಕೆ ಮೂರು ಸೇರಿಸುವ ಒಂದು +3 ಕವಚ ಕೊಟ್ಟರೆ ಅದು ಒಂದು ಲೆವೆಲ್‌ಗಿಂತ ಹೆಚ್ಚು ತಲೆನೋವು.

ಲೆವೆಲ್ ಏರಲು ಪಾತ್ರ ದಿನ, ಹಣ ಖರ್ಚು ಮಾಡಬೇಕು ಅನ್ನೋ ತರಬೇತಿ ನಿಯಮವೂ ಒಂದಿದೆ. ಎರಡರಿಂದ ನಾಲ್ಕನೇ ಲೆವೆಲ್‌ಗೆ ಹತ್ತು ದಿನ, 20 ಚಿನ್ನ. ಐದರಿಂದ ಹತ್ತಕ್ಕೆ ಇಪ್ಪತ್ತು ದಿನ, 40 ಚಿನ್ನ. ನಿಮಗೆ ಇದು ಬೇಡ, ಈಗಲೇ ನಿಧಾನವಾಗಿದ್ದೀರಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಲೆಕ್ಕವನ್ನು ಹಿಂದಿನಿಂದ ಮಾಡುತ್ತಿದ್ದೆ. ಕ್ಯಾಂಪೇನ್ ಎಲ್ಲಿ ಮುಗಿಯಬೇಕು ಅನ್ನೋದು ಮೊದಲು. ನಿಮಗೆ ನಿಜವಾಗಿ ಸಿಗುವುದು ವರ್ಷಕ್ಕೆ ಹದಿನೆಂಟು ಸೆಷನ್, ಕ್ಯಾಲೆಂಡರ್‌ನಲ್ಲಿರುವ ಇಪ್ಪತ್ತಾರಲ್ಲ. ಈಗ ಎಲ್ಲರನ್ನೂ ಐದಕ್ಕೆ ತಂದು, ನಾಲ್ಕು ಸೆಷನ್‌ಗೊಂದು ಲೆವೆಲ್ ಅಂದರೆ, ಮುಂದಿನ ವರ್ಷ ಇಷ್ಟೊತ್ತಿಗೆ ಒಂಬತ್ತು. ಕ್ಲೆರಿಕ್ ಸತ್ತವರನ್ನು ದಿನಗಳ ನಂತರ ಎಬ್ಬಿಸುವುದು, ವಿಝರ್ಡ್ ಊರಿಂದೂರಿಗೆ ಮಾಯಾ ದ್ವಾರ ತೆರೆಯುವುದು ಶುರುವಾಗುವುದು ಅಲ್ಲೇ. ಒಂದು ದೊಡ್ಡ ಕಥೆಗೆ ತೆರೆ ಎಳೆಯಲು ಒಂಬತ್ತು ಹತ್ತು ಒಳ್ಳೆಯ ಜಾಗ. ಮುಂದಕ್ಕೂ ಹೋಗುವ ಆಸೆ ಇದ್ದರೆ ಕೋಷ್ಟಕದಲ್ಲಿ ಒಂದು ವಿಚಿತ್ರ ನೋಡಿ: ಹತ್ತರಿಂದ ಹನ್ನೊಂದಕ್ಕೆ 21,000 ಬೇಕು, ಹನ್ನೊಂದರಿಂದ ಹನ್ನೆರಡಕ್ಕೆ 15,000 ಸಾಕು. ಆಟವನ್ನು ಬರೆದವರೂ ನಡುವಿನ ಲೆವೆಲ್‌ಗಳಲ್ಲೇ ನಮ್ಮನ್ನು ಹೆಚ್ಚು ಹೊತ್ತು ಇರಿಸಲು ಬಯಸಿದ್ದರು ಅಂತ ನನಗನ್ನಿಸುತ್ತದೆ. ಅವರ ಆಯ್ಕೆ ಸರಿಯಾಗಿಯೇ ಇದೆ. ಐದರಿಂದ ಎಂಟು ಈ ಆಟದ ರುಚಿಯಾದ ಭಾಗ.

ಹಾಗಾಗಿ ನಾಲ್ಕು ಸೆಷನ್ ಅನ್ನೋದು ನಿಮ್ಮ ಒಳಗಿನ ಅಳತೆ, ಮೂರು ಗುರಿಯಲ್ಲಿ ಎರಡು ಅನ್ನೋದು ಆಟಗಾರರಿಗೆ ಕಾಣುವ ಅಳತೆ. ಗುರಿ ಮೂರೇ ಸೆಷನ್‌ಗೆ ಮುಗಿದರೆ ಕೊಟ್ಟುಬಿಡಿ. ಐದು ಸೆಷನ್ ದಾಟಿದರೆ ಗುರಿ ದೊಡ್ಡದಾಯಿತು ಅಂತ ಅರ್ಥ, ಅದನ್ನು ಒಡೆಯಿರಿ.

ಆದರೆ ಇದಕ್ಕೂ ಮೊದಲು ಆ ಇಬ್ಬರಿಗೆ ಒಂದು ಪ್ರಶ್ನೆ ಕೇಳಿ. ‘ಐದನೇ ಲೆವೆಲ್ ಬಂದರೆ ಮೊದಲು ಏನು ಮಾಡ್ತೀಯ?’ ಫೈರ್‌ಬಾಲ್, ಎರಡು ಏಟು ಅಂತ ಥಟ್ಟನೆ ಉತ್ತರ ಬಂದರೆ ಅವರಿಗೆ ಬೇಕಿರುವುದು ಲೆವೆಲ್ಲೇ. ‘ಏನಾದ್ರೂ ಬೇರೆ ಆಗ್ಲಿ’ ಅಂದರೆ ಬೋರ್ ಆಗಿರುವುದು ಕಥೆ. ಆಗ ಲೆವೆಲ್ ಕೊಟ್ಟರೂ ಎರಡು ಸೆಷನ್‌ಗೆ ಅದೇ ರಾಗ ಮತ್ತೆ. ಅಂಥವರನ್ನು ಆ ಹಳೇ ಕಥೆಯಿಂದ ಹೊರಗೆ ಕರೆದುಕೊಂಡು ಹೋಗಿ.

ಕೊಡುವ ರೀತಿಯ ಬಗ್ಗೆ ಸ್ವಲ್ಪ. ಸೆಷನ್ ಕೊನೆಯಲ್ಲಿ ಹೇಳಿ, ನಡುವೆ ಬೇಡ. ನಡುವೆ ಹೇಳಿದರೆ ಅರ್ಧ ಗಂಟೆ ಪೆನ್ಸಿಲ್ಲು, ರಬ್ಬರಿನಲ್ಲೇ ಹೋಗುತ್ತದೆ. ಮನೆಯಲ್ಲಿ ಓದಿ ಸ್ಪೆಲ್ ಆರಿಸಿಕೊಂಡು ಗ್ರೂಪ್‌ಗೆ ಹಾಕಲಿ, ನಿಮಗೂ ತಯಾರಿಗೆ ಹದಿನೈದು ದಿನ ಸಿಗುತ್ತದೆ. ಹಿಟ್ ಪಾಯಿಂಟ್‌ಗೆ ದಾಳ ಹಾಕುವವರು ಎಲ್ಲರ ಮುಂದೆ ಹಾಕಲಿ. ಬೇಡ ಅನ್ನುವವರು ಪುಸ್ತಕದ ನಿಗದಿ ಸಂಖ್ಯೆ ತೆಗೆದುಕೊಳ್ಳಲಿ, ಫೈಟರ್‌ಗೆ ಆರು, ವಿಝರ್ಡ್‌ಗೆ ನಾಲ್ಕು, ಜೊತೆಗೆ ಕಾನ್‌ಸ್ಟಿಟ್ಯೂಷನ್ (ದೇಹದಾರ್ಢ್ಯ) ಬೋನಸ್. ಕ್ಲೆರಿಕ್‌ನವರಿಗೆ ಎರಡು ಲೆವೆಲ್ ಒಟ್ಟಿಗೆ ಬರುತ್ತಿದೆ. ಅವರಿಗೆ ಮುಂಚೆಯೇ ಫೋನ್ ಮಾಡಿ ಹೇಳಿ, ಮತ್ತು ಮುಂದಿನ ಒಂದೆರಡು ಸೆಷನ್‌ನೊಳಗೆ ನಿಧಿಯಲ್ಲಿ 300 ಚಿನ್ನದ ಒಂದು ವಜ್ರ ಸೇರಿಸಿಡಿ. ಅದಿಲ್ಲದೆ ರಿವಿವಿಫೈ ಬರೀ ಹಾಳೆ ಮೇಲೆ ಉಳಿಯುತ್ತದೆ.